ಆಟೋ ಹಿಂದಿನ ಚಿತ್ರ, ಮಾಲ್ಗುಡಿ ಹಿಂದಿನ ಮನುಷ್ಯ: ಶಂಕರ್ ನಾಗ್ ಬದುಕಿನ ಓಟ

ಮುಂಬೈನಲ್ಲೋ ದೆಹಲಿಯಲ್ಲೋ ಕೆಲಸ ಮಾಡುವ ಕನ್ನಡಿಗರಿಗೆ ಇದು ಹೊಸ ಅನುಭವವೇನಲ್ಲ. ಕಚೇರಿಯಲ್ಲಿ ಊಟದ ಹೊತ್ತಿಗೆ ಹಳೆಯ ದೂರದರ್ಶನದ ಮಾತು ಬರುತ್ತದೆ. ನಲವತ್ತು ದಾಟಿದವರೆಲ್ಲ 'ಮಾಲ್ಗುಡಿ ಡೇಸ್' ಎಂದೊಡನೆ ಅದರ ಶೀರ್ಷಿಕೆ ರಾಗವನ್ನು ಗುನುಗುತ್ತಾರೆ. ಅದನ್ನು ನಿರ್ದೇಶಿಸಿದವರು ನಮ್ಮ ಶಂಕರ್ ನಾಗ್ ಎಂದರೆ ಅವರಲ್ಲಿ ಹಲವರಿಗೆ ಹೆಸರೇ ಗೊತ್ತಿರುವುದಿಲ್ಲ.

ಅದೇ ಬೆಂಗಳೂರಿನಲ್ಲಿ ರೈಲಿಳಿದು ಹೊರಬಂದರೆ ಆಟೋಗಳ ಹಿಂಬದಿಯಲ್ಲಿ ಅವರ ಚಿತ್ರ ಕಾಣಿಸುತ್ತದೆ. ಆಟೋ ನಿಲ್ದಾಣಗಳಿಗೂ ಅವರದೇ ಹೆಸರು. ಚಾಲಕರಿಗೆ ಅವರು ಶಂಕರಣ್ಣ. ಅವರು ತೀರಿಕೊಂಡ ಮೇಲೆ ಹುಟ್ಟಿದ ಹುಡುಗರೂ ಹಾಗೆಯೇ ಕರೆಯುತ್ತಾರೆ.

ಹಿಂದಿ ಪ್ರೇಕ್ಷಕರಿಗೆ ಮಾಲ್ಗುಡಿ ಗೊತ್ತು, ಶಂಕರ್ ಗೊತ್ತಿಲ್ಲ. ನಮಗೆ ಶಂಕರ್ ಗೊತ್ತು, ಆದರೆ ನಾವು ಹೆಚ್ಚಾಗಿ ನೆನೆಯುವುದು 'ಆಟೋ ರಾಜ'ನನ್ನು, 'ಸಾಂಗ್ಲಿಯಾನ'ನನ್ನು. ಇವೆರಡೂ ಒಬ್ಬನೇ ಮನುಷ್ಯನಿಂದ ಹೇಗೆ ಸಾಧ್ಯವಾಯಿತು ಎಂಬುದರಲ್ಲೇ ಅವರ ಬದುಕಿನ ಕಥೆ ಇದೆ.

ಹೊನ್ನಾವರದಿಂದ ಮುಂಬೈಗೆ

ಶಂಕರ್ ನಾಗರಕಟ್ಟೆ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರ ಸೀಮೆಯಲ್ಲಿ. ಮನೆಮಾತು ಕೊಂಕಣಿ. ಅಣ್ಣ ಅನಂತ್ ಇವರಿಗಿಂತ ಆರು ವರ್ಷ ದೊಡ್ಡವರು. ನಾಗರಕಟ್ಟೆ ಎಂಬ ಮನೆತನದ ಹೆಸರು ಸಿನಿಮಾಕ್ಕೆ ಬರುವಾಗ 'ನಾಗ್' ಎಂದು ಚಿಕ್ಕದಾಯಿತು.

ಆ ಕರಾವಳಿಯ ಎಷ್ಟೋ ಮನೆಗಳ ಮಕ್ಕಳಂತೆ ಇವರೂ ಓದಿಗೆಂದು ಮುಂಬೈ ಸೇರಿದರು. ಎಪ್ಪತ್ತರ ದಶಕದ ಮುಂಬೈ ರಂಗಭೂಮಿ ಎಂದರೆ ಹಬ್ಬದ ಮನೆ. ಮರಾಠಿ, ಹಿಂದಿ, ಗುಜರಾತಿ, ಇಂಗ್ಲಿಷ್ ನಾಟಕಗಳು ಅಕ್ಕಪಕ್ಕದಲ್ಲೇ ನಡೆಯುತ್ತಿದ್ದವು. ಅಣ್ಣ ಅದಾಗಲೇ ನಾಟಕಗಳಲ್ಲಿ ಹೆಸರು ಮಾಡಿ, 1974ರಲ್ಲಿ ಶ್ಯಾಮ್ ಬೆನಗಲ್ ಅವರ 'ಅಂಕುರ್' ಮೂಲಕ ಹಿಂದಿ ಚಿತ್ರರಂಗದ ಗಮನ ಸೆಳೆದಿದ್ದರು. ತಮ್ಮನನ್ನು ಸೆಳೆದದ್ದು ಮರಾಠಿ ರಂಗಭೂಮಿ. ನಟನೆ ಮಾತ್ರವಲ್ಲ, ಬರವಣಿಗೆ, ತೆರೆಯ ಹಿಂದಿನ ಕೆಲಸ ಎಲ್ಲದರಲ್ಲೂ ಕೈ ಹಾಕಿದರು. ಪುಣೆಯಲ್ಲಿ ಚಾಪೇಕರ್ ಸಹೋದರರು ಬ್ರಿಟಿಷ್ ಅಧಿಕಾರಿಯನ್ನು ಕೊಂದ ಘಟನೆ ಆಧರಿಸಿದ '22 ಜೂನ್ 1897' ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಶಂಕರ್ ಪಾಲೂ ಇದೆ. ಇದು ಕನ್ನಡದ ಎಷ್ಟೋ ಅಭಿಮಾನಿಗಳಿಗೆ ಇಂದಿಗೂ ಗೊತ್ತಿಲ್ಲ.

ಅರುಂಧತಿ ರಾವ್ ಪರಿಚಯವಾದದ್ದೂ ಅದೇ ನಾಟಕದ ಓಡಾಟದಲ್ಲಿ. ಮುಂದೆ ಇಬ್ಬರೂ ಮದುವೆಯಾಗಿ ಬೆಂಗಳೂರಿನಲ್ಲಿ ಮನೆ ಮಾಡಿದರು. ಅಂದರೆ, ಆಮೇಲೆ ಬೆಂಗಳೂರಿನ ಬೀದಿಬೀದಿಯ ಹೀರೋ ಆದ ಈ ಮನುಷ್ಯ ನಾಟಕದ ಅಕ್ಷರ ಕಲಿತದ್ದು ಮರಾಠಿಯಲ್ಲಿ.

ಮೊದಲ ಚಿತ್ರಕ್ಕೇ ಬೆಳ್ಳಿ ನವಿಲು

ಗಿರೀಶ್ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಹೊಸ ಮುಖವನ್ನು ಆರಿಸಿಕೊಂಡರು. ಜಪಾನಿನ ಅಕಿರಾ ಕುರೊಸಾವಾ ಚಿತ್ರಗಳ ಪ್ರಭಾವ ಎದ್ದು ಕಾಣುವ, ಹಳೆಗಾಲದ ಕರ್ನಾಟಕದಲ್ಲಿ ನಡೆಯುವ ಕಥೆ ಅದು. ದುಡ್ಡಿಗಾಗಿ ಯಾರ ಪರವಾಗಿ ಬೇಕಾದರೂ ಕತ್ತಿ ಹಿಡಿಯುವ ಗಂಡುಗಲಿ ಎಂಬ ಯೋಧನ ಪಾತ್ರ ಶಂಕರ್ ಅವರದು. ಎದುರಾಳಿ ಪೆರ್ಮಾಡಿಯಾಗಿ ಸುಂದರ್‌ಕೃಷ್ಣ ಅರಸ್. ಅರಸ್ ಅವರ ಗುಡುಗಿನ ದನಿ, ಭಾರೀ ಮೈಕಟ್ಟಿನ ಮುಂದೆ ಸಪೂರ ದೇಹದ ಶಂಕರ್ ಬೆಕ್ಕಿನಂತೆ ಚುರುಕು. ಚಿತ್ರ ನೋಡದವರು ಇವರಿಬ್ಬರಿಗಾಗಿಯಾದರೂ ನೋಡಬೇಕು.

1978ರ ಆ ಚಿತ್ರಕ್ಕೆ ಮರುವರ್ಷ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟನೆಗಾಗಿ ಶಂಕರ್ ನಾಗ್ ಬೆಳ್ಳಿ ನವಿಲು ಗೆದ್ದರು. ಇಪ್ಪತ್ತೈದು ತುಂಬದ ಹುಡುಗನಿಗೆ ಮೊದಲ ಕನ್ನಡ ಚಿತ್ರದಲ್ಲೇ ಸಿಕ್ಕ ಮನ್ನಣೆ ಅದು.

ಅಲ್ಲಿಂದ ಮುಂದೆ ಕಲಾತ್ಮಕ ಚಿತ್ರಗಳ ನಟನಾಗಿ ವರ್ಷಕ್ಕೊಂದು ಸಿನಿಮಾ ಮಾಡಿಕೊಂಡು ಇರಬಹುದಿತ್ತು. ಶಂಕರ್ ಹಾಗೆ ಮಾಡಲಿಲ್ಲ. 'ಸೀತಾರಾಮು' ಬಂತು, 1980ರಲ್ಲಿ 'ಆಟೋ ರಾಜ' ಬಂತು. ಖಾಕಿ ಅಂಗಿ ತೊಟ್ಟು, ಪ್ರಯಾಣಿಕರನ್ನು ಮನೆಯವರಂತೆ ಕಾಣುವ ಚಾಲಕನ ಪಾತ್ರ ಊರೂರಿನ ಆಟೋ ಚಾಲಕರಿಗೆ ತಮ್ಮದೇ ಕನ್ನಡಿಯಂತೆ ಕಂಡಿತು. ಅದಕ್ಕೂ ಮೊದಲು ತೆರೆಯ ಮೇಲೆ ಅವರಿಗೆ ಅಂಥ ಗೌರವದ ಜಾಗ ಸಿಕ್ಕಿದ್ದು ಕಡಿಮೆ. ಆ ಋಣವನ್ನು ಅವರು ಇಂದಿಗೂ ತೀರಿಸುತ್ತಲೇ ಇದ್ದಾರೆ.

ಹೊಡೆದಾಟದ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ಅಭಿಮಾನಿಗಳು 'ಕರಾಟೆ ಕಿಂಗ್' ಎಂದು ಕರೆದರು. ಹನ್ನೆರಡು ವರ್ಷಗಳಲ್ಲಿ ಸುಮಾರು ತೊಂಬತ್ತು ಚಿತ್ರ! ನಿಜ ಹೇಳಬೇಕೆಂದರೆ ಅವುಗಳಲ್ಲಿ ಅನೇಕ ಸಾಧಾರಣ ಚಿತ್ರಗಳು. ಕೆಲವನ್ನು ಅಭಿಮಾನಿಗಳೂ ಮತ್ತೆ ನೋಡಲಾರರು. ಕಥೆ ತೆಳು, ಹೊಡೆದಾಟ ದಪ್ಪ. ಬೆಳ್ಳಿ ನವಿಲು ಗೆದ್ದ ನಟ ಇಂಥವನ್ನೇಕೆ ಒಪ್ಪಿಕೊಂಡರು ಎಂಬ ಆಕ್ಷೇಪ ಸಹಜ. ಇದಕ್ಕೆ ಉತ್ತರ ಆ ದುಡ್ಡು ಹೋದ ಕಡೆಯಲ್ಲಿದೆ.

ದುಡ್ಡು ಹೋದದ್ದೆಲ್ಲಿಗೆ?

ಒಂದು ಭಾಗ ನಾಟಕಕ್ಕೆ. ಬೆಂಗಳೂರಿನಲ್ಲಿ ಶಂಕರ್ ಮತ್ತು ಅರುಂಧತಿ ಕಟ್ಟಿದ 'ಸಂಕೇತ್' ತಂಡ ಕಾರ್ನಾಡರ 'ಅಂಜು ಮಲ್ಲಿಗೆ' ಆಡಿತು. ಮರಾಠಿಯ ಜಯವಂತ ದಳವಿಯವರ 'ಬ್ಯಾರಿಸ್ಟರ್', 'ಸಂಧ್ಯಾಛಾಯಾ' ನಾಟಕಗಳನ್ನು ಕನ್ನಡಕ್ಕೆ ತಂದಿತು. ಮುಂಬೈನಲ್ಲಿ ಪಡೆದದ್ದನ್ನು ಕನ್ನಡಕ್ಕೆ ಮರಳಿಸಿದ ಬಗೆ ಇದು. 'ನೋಡಿ ಸ್ವಾಮಿ ನಾವಿರೋದು ಹೀಗೆ' ಮೊದಲು ನಾಟಕವಾಗಿ ಜನರನ್ನು ನಗಿಸಿತು, ಆಮೇಲೆ ಸಿನಿಮಾ ಆಯಿತು. ಗೆಳೆಯ ರಮೇಶ್ ಭಟ್ ಈ ಎಲ್ಲ ಸಾಹಸಗಳಲ್ಲಿ ಜೊತೆಗಿದ್ದರು. ಬದುಕಿನ ಕೊನೆಯ ವರ್ಷಗಳಲ್ಲಿ, ಸಿನಿಮಾದಲ್ಲಿ ಬಿಡುವೇ ಇಲ್ಲದಿದ್ದಾಗ, ಕಾರ್ನಾಡರ 'ನಾಗಮಂಡಲ'ವನ್ನು ರಂಗಕ್ಕೆ ತಂದವರೂ ಇವರೇ. ಹಗಲು ಸ್ಟಂಟು, ಸಂಜೆ ತಾಲೀಮು.

ಇನ್ನೊಂದು ಭಾಗ ತಮ್ಮದೇ ಚಿತ್ರಗಳಿಗೆ. 1980ರಲ್ಲಿ ಮೊದಲ ಬಾರಿ ನಿರ್ದೇಶಿಸಿದ 'ಮಿಂಚಿನ ಓಟ' ಕಾರುಗಳ್ಳರ ಕಥೆ. ಅಣ್ಣ ತಮ್ಮ ಇಬ್ಬರೂ ಕಳ್ಳರಾಗಿ, ಲೋಕನಾಥ್ ಅವರೊಂದಿಗೆ ನಟಿಸಿದರು. ಮರಾಠಿಯ ಪ್ರಿಯಾ ತೆಂಡುಲ್ಕರ್ ನಾಯಕಿ. ಕನ್ನಡದಲ್ಲಿ ಅದುವರೆಗೆ ಕಾಣದ ವೇಗ ಅದರಲ್ಲಿತ್ತು, ರಾಜ್ಯ ಪ್ರಶಸ್ತಿಗಳೂ ಬಂದವು. ಇಳಯರಾಜ ಸಂಗೀತದ 'ಗೀತಾ' 1981ರದು. ಅದರ ಹಾಡುಗಳು ಈಗಲೂ ಎಲ್ಲ ಆರ್ಕೆಸ್ಟ್ರಾಗಳ ಪಟ್ಟಿಯಲ್ಲಿವೆ.

1985ರ 'ಆಕ್ಸಿಡೆಂಟ್' ಬೇರೆಯೇ ಜಾತಿಯ ಚಿತ್ರ. ನಶೆಯಲ್ಲಿ ಕಾರು ಓಡಿಸುವ ಪ್ರಭಾವಿ ರಾಜಕಾರಣಿಯ ಮಗ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಮೇಲೆ ಗಾಡಿ ಹರಿಸುತ್ತಾನೆ. ಅಪ್ಪನ ಕೈ ಕಾನೂನಿಗಿಂತ ಉದ್ದ. ಸತ್ಯ ಹೊರಗೆಳೆಯಲು ಹೊರಟ ಪತ್ರಕರ್ತ ಶಂಕರ್. ರಾಜಕಾರಣಿ ಅನಂತ್ ನಾಗ್. ಸಾಮಾಜಿಕ ಸಮಸ್ಯೆಯ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಇದಕ್ಕೆ ಸಂದಿತು. ಇಂಥ ಪ್ರಕರಣಗಳು ಪತ್ರಿಕೆಗಳಲ್ಲಿ ಇಂದಿಗೂ ಬರುತ್ತಲೇ ಇವೆ, ಆರೋಪಿಯ ಅಪ್ಪನ ಹುದ್ದೆಯ ಸಮೇತ. ಎಂಬತ್ತರ ದಶಕದಲ್ಲೇ ಇದನ್ನು ಇಷ್ಟು ನೇರವಾಗಿ ಹೇಳಿದ ಧೈರ್ಯಕ್ಕೆ ಮೆಚ್ಚಬೇಕು.

ಆಮೇಲೆ ವರನಟ ಡಾ. ರಾಜ್‌ಕುಮಾರ್ ಅವರನ್ನು ಮುತ್ತು ತೆಗೆಯುವ ಬಡವನನ್ನಾಗಿಸಿ 'ಒಂದು ಮುತ್ತಿನ ಕಥೆ' ಮಾಡಿದರು. ಜಾನ್ ಸ್ಟೈನ್‌ಬೆಕ್ ಕಾದಂಬರಿಯ ಎಳೆ ಅದು. ರಾಜ್ ಅಭಿಮಾನಿಗಳು ಬಯಸಿದ ಅಬ್ಬರ ಅದರಲ್ಲಿರಲಿಲ್ಲ.

ಬೆಂಗಳೂರಿನಲ್ಲಿ 'ಸಂಕೇತ್' ಹೆಸರಿನ ಧ್ವನಿಮುದ್ರಣ ಸ್ಟುಡಿಯೋ ಕಟ್ಟಿದ್ದೂ ಇದೇ ಕಾಲದಲ್ಲಿ. ಕನ್ನಡ ಸಿನಿಮಾ ಅಂದಿಗೂ ತಾಂತ್ರಿಕ ಕೆಲಸಗಳಿಗೆ ಮದ್ರಾಸಿನತ್ತ ಮುಖ ಮಾಡುತ್ತಿತ್ತು. ಆ ಅಲೆದಾಟ ತಪ್ಪಬೇಕೆಂಬುದು ಅವರ ಹಟ.

ಆಗುಂಬೆಯೇ ಮಾಲ್ಗುಡಿ

ಆರ್.ಕೆ. ನಾರಾಯಣ್ ಅವರಿಗೆ ತಮ್ಮ ಕಥೆಗಳನ್ನು ತೆರೆಗೆ ತರುವವರ ಬಗ್ಗೆ ನಂಬಿಕೆ ಇರಲಿಲ್ಲ. ದೇವ್ ಆನಂದ್ ಅವರ 'ಗೈಡ್' ದೇಶವೇ ಮೆಚ್ಚಿದ ಚಿತ್ರವಾದರೂ ಮೂಲ ಲೇಖಕರಿಗೆ ರುಚಿಸಿರಲಿಲ್ಲ. ಮಾಲ್ಗುಡಿಯೇ ಅದರಲ್ಲಿ ಕಳೆದುಹೋಗಿತ್ತು. ಹಾಗಾಗಿ ನಿರ್ಮಾಪಕ ಟಿ.ಎಸ್. ನರಸಿಂಹನ್ ಮಾಲ್ಗುಡಿ ಕಥೆಗಳನ್ನು ಧಾರಾವಾಹಿ ಮಾಡಲು ಹೊರಟಾಗ ದೊಡ್ಡ ಸವಾಲೇ ಇತ್ತು: ನಕ್ಷೆಯಲ್ಲಿಲ್ಲದ ಊರನ್ನು ಎಲ್ಲಿ ಹುಡುಕುವುದು?

ಶಂಕರ್ ಆರಿಸಿದ್ದು ಆಗುಂಬೆಯನ್ನು. ಶಿವಮೊಗ್ಗ ಜಿಲ್ಲೆಯ, ಘಟ್ಟದ ನೆತ್ತಿಯ, ಮಳೆಗೆ ಹೆಸರಾದ ಪುಟ್ಟ ಊರು. ಸೆಟ್ ಹಾಕಿ ಊರು ಕಟ್ಟುವ ಬದಲು ಇದ್ದ ಊರನ್ನೇ ಸ್ವಲ್ಪ ಹಿಂದಕ್ಕೆ ಕರೆದೊಯ್ದರು. ಕಲಾ ನಿರ್ದೇಶಕ ಜಾನ್ ದೇವರಾಜ್ ಬೀದಿಗೆ ಬ್ರಿಟಿಷರ ಕಾಲದ ರೂಪ ಕೊಟ್ಟರು. ಎಸ್. ರಾಮಚಂದ್ರ ಛಾಯಾಗ್ರಹಣ, ಎಲ್. ವೈದ್ಯನಾಥನ್ ಸಂಗೀತ, ಲೇಖಕರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು. ಊರ 'ದೊಡ್ಡಮನೆ' ಸ್ವಾಮಿಯ ಮನೆಯಾಯಿತು. ರೈಲು ನಿಲ್ದಾಣವಾಗಿ ಕಾಣಿಸಿದ್ದು ಅದೇ ಜಿಲ್ಲೆಯ ಅರಸಾಳು.

ಪಾತ್ರಧಾರಿಗಳು ಬಹುಪಾಲು ಕನ್ನಡದವರು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದರೆ, ಗಿರೀಶ್ ಕಾರ್ನಾಡ್ ಶಿಸ್ತಿನ ಅಪ್ಪ. ಅನಂತ್ ನಾಗ್ ಬಂದರು, ವಿಷ್ಣುವರ್ಧನ್ ಬಂದರು. ತಮ್ಮ ನಾಟಕದ ಗೆಳೆಯರನ್ನೆಲ್ಲ ಶಂಕರ್ ಕರೆತಂದರು. ಅವರಾಡುವ ಹಿಂದಿಯಲ್ಲಿ ದಕ್ಷಿಣದ ಸೊಗಡಿತ್ತು. ಅದನ್ನು ತಿದ್ದಿ ನಯ ಮಾಡಿದ್ದರೆ ಮಾಲ್ಗುಡಿ ಇನ್ನೊಂದು ಗಂಗಾತೀರದ ಊರಾಗುತ್ತಿತ್ತು.

ಮೊದಲ ಸರಣಿಯ 39 ಕಂತುಗಳನ್ನು ಶಂಕರ್ ನಿರ್ದೇಶಿಸಿದರು. 1986-87ರಲ್ಲಿ ದೇಶ ನೋಡಿತು. (2006ರಲ್ಲಿ ಕವಿತಾ ಲಂಕೇಶ್ ಮತ್ತೆ 15 ಕಂತು ಮಾಡಿದರು.) ಲಖನೌನ ಮಗುವೂ ಕಾನ್ಪುರದ ಅಜ್ಜಿಯೂ ಅಡಿಕೆ ಸೀಮೆಯ ಒಂದು ಹೆಂಚಿನ ಮನೆಯನ್ನು ತಮ್ಮದೆಂದುಕೊಂಡದ್ದು ಸಣ್ಣ ಮಾತಲ್ಲ. ಅದೇ ಅವಧಿಯಲ್ಲಿ ಶಂಕರ್ ಗಾಂಧಿನಗರದ ಹೊಡೆದಾಟದ ಚಿತ್ರಗಳಲ್ಲೂ ನಟಿಸುತ್ತಿದ್ದರು. ಒಂದು ದುಡ್ಡು ತಂದಿತು, ಇನ್ನೊಂದು ಅದಕ್ಕೆ ಅರ್ಥ ಕೊಟ್ಟಿತು. ಹಾಗಾಗಿ ಆ ಸಾಧಾರಣ ಚಿತ್ರಗಳ ಬಗ್ಗೆ ಈ ಲೇಖಕನಿಗೆ ಈಗ ದೂರಿಲ್ಲ.

ಮೆಟ್ರೋ ಕನಸು ಮತ್ತು ನಾವು ಕಟ್ಟಿದ ಕಥೆ

ಶಂಕರ್ ಬಗ್ಗೆ ಅಭಿಮಾನಿಗಳು ಹೇಳುವ ಕಥೆಗಳಲ್ಲಿ ಮೆಟ್ರೋ ಮುಖ್ಯವಾದದ್ದು. ಬೆಂಗಳೂರಿನ ರಸ್ತೆಗಳು ಇನ್ನೂ ಖಾಲಿಯಿದ್ದ ಕಾಲದಲ್ಲಿ ನಗರಕ್ಕೆ ನೆಲದಡಿಯ ರೈಲು ಬೇಕೆಂದು ಅವರು ಓಡಾಡಿದ್ದು, ನಂದಿಬೆಟ್ಟಕ್ಕೆ ರೋಪ್‌ವೇ ಯೋಜಿಸಿದ್ದು ನಿಜ. ರಾಮಕೃಷ್ಣ ಹೆಗಡೆ ಅವರಿಗೆ ಆಪ್ತರಾಗಿದ್ದರಿಂದ ಸರ್ಕಾರದ ಬಾಗಿಲು ತಟ್ಟುವುದೂ ಸಾಧ್ಯವಿತ್ತು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ ಓಡಿದ್ದು 2011ರ ಅಕ್ಟೋಬರ್ 20ರಂದು.

ಅವರಿದ್ದಿದ್ದರೆ ಇಪ್ಪತ್ತು ವರ್ಷ ಮೊದಲೇ ಬರುತ್ತಿತ್ತು ಎನ್ನುವವರಿದ್ದಾರೆ. ಇದು ಪ್ರೀತಿಯ ಮಾತು. ಒಂದು ನಗರದ ರೈಲು ಒಬ್ಬ ನಟನ ಉತ್ಸಾಹದಿಂದಷ್ಟೇ ಓಡುವುದಿಲ್ಲ. ಆದರೆ ಸಂಭಾವನೆ ಎಣಿಸಿಕೊಂಡು ಮನೆಗೆ ಹೋಗಬಹುದಾಗಿದ್ದ ಜನಪ್ರಿಯ ನಟನೊಬ್ಬ ಊರಿನ ಸಂಚಾರದ ಬಗ್ಗೆ ತಲೆಕೆಡಿಸಿಕೊಂಡಿದ್ದನ್ನು ಜನ ಮರೆತಿಲ್ಲ. ಅಷ್ಟು ಸಾಕು.

ಆನಗೋಡಿನ ರಸ್ತೆ

1988ರ 'ಸಾಂಗ್ಲಿಯಾನ' ಭರ್ಜರಿ ಯಶಸ್ಸು ಕಂಡಿತು. ಸೇವೆಯಲ್ಲಿದ್ದ ಪೊಲೀಸ್ ಅಧಿಕಾರಿಯೊಬ್ಬರ ಹೆಸರನ್ನೇ ಇಟ್ಟುಕೊಂಡ ಚಿತ್ರ ಅದು. ಬೇಡಿಕೆ ತುತ್ತತುದಿಯಲ್ಲಿತ್ತು. ಚಂದ್ರಶೇಖರ ಕಂಬಾರರ ನಾಟಕ ಆಧರಿಸಿದ 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆಂದು ಉತ್ತರ ಕರ್ನಾಟಕದ ಕಡೆ ಹೊರಟರು. ಕಾರಿನಲ್ಲಿ ಪತ್ನಿ ಅರುಂಧತಿ, ಪುಟ್ಟ ಮಗಳು ಕಾವ್ಯ ಇದ್ದರು.

1990ರ ಸೆಪ್ಟೆಂಬರ್ 30, ಭಾನುವಾರ ಬೆಳಗಿನ ಜಾವ. ದಾವಣಗೆರೆಗೆ ಇನ್ನೇನು ಸ್ವಲ್ಪ ದೂರವಿದೆ ಎನ್ನುವಾಗ ಆನಗೋಡು ಬಳಿ ಅಪಘಾತವಾಯಿತು. ಶಂಕರ್ ಉಳಿಯಲಿಲ್ಲ. 36ನೇ ಹುಟ್ಟುಹಬ್ಬಕ್ಕೆ ನಲವತ್ತು ದಿನ ಬಾಕಿಯಿತ್ತು. ಆ ಭಾನುವಾರ ಸುದ್ದಿ ಕೇಳಿದ ಜಾಗ ಯಾವುದೆಂದು ಆ ತಲೆಮಾರಿನ ಕನ್ನಡಿಗರು ಇಂದಿಗೂ ಹೇಳಬಲ್ಲರು.

ತೀವ್ರವಾಗಿ ಗಾಯಗೊಂಡಿದ್ದ ಅರುಂಧತಿ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಮತ್ತೆ ರಂಗಕ್ಕೆ ಮರಳಿದರು. ನಾಟಕಕ್ಕೆಂದೇ ಒಂದು ಒಳ್ಳೆಯ ರಂಗಮಂದಿರ ಬೇಕೆಂಬುದು ಇಬ್ಬರೂ ಕೂತು ಕಂಡ ಕನಸಾಗಿತ್ತು. ಅದಕ್ಕಾಗಿ ವರ್ಷಗಟ್ಟಲೆ ಕಂಡಕಂಡವರ ಮುಂದೆ ಕೈಚಾಚಿ, ಜೆ.ಪಿ. ನಗರದಲ್ಲಿ 'ರಂಗ ಶಂಕರ' ಕಟ್ಟಿದರು. ಅದು ತೆರೆದದ್ದು 2004ರಲ್ಲಿ. ಕನ್ನಡದ ಜೊತೆಗೆ ಮರಾಠಿ, ಹಿಂದಿ, ಇಂಗ್ಲಿಷ್ ನಾಟಕಗಳೂ ಅಲ್ಲಿ ನಡೆಯುತ್ತವೆ, ಹಿಂದೊಮ್ಮೆ ಮುಂಬೈನಲ್ಲಿ ಅವರಿಬ್ಬರೂ ಕಂಡಿದ್ದಂತೆ.

ಆಗುಂಬೆಯ ದಾರಿಯಲ್ಲಿ ಹೋಗುವವರು ಈಗಲೂ ದೊಡ್ಡಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಹಿಂದಿಯಲ್ಲಿ ಮಾಲ್ಗುಡಿ ನೋಡಿರುವ ನೆರೆಮನೆಯವರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಆ ಊರನ್ನು ಕಟ್ಟಿದವನ ಹೆಸರನ್ನು ಅವರಿಗೂ ಅಲ್ಲೇ ಹೇಳಬಹುದು.