ಕುದ್ಮುಲ್ ರಂಗರಾವ್

ಕುದ್ಮುಲ್ ರಂಗರಾವ್ (29 ಜೂನ್ 1859 – 30 ಜನವರಿ 1928) ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಸಮಾಜ ಸುಧಾರಕರು ಹಾಗೂ ವಕೀಲರು. ಅಸ್ಪೃಶ್ಯತೆಯ ನಿವಾರಣೆಗಾಗಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸಂಸ್ಥೆಯನ್ನು ಸ್ಥಾಪಿಸಿದರು. ಅಕ್ಷರದೊಂದಿಗೆ ಸ್ವತಂತ್ರ ಜೀವನೋಪಾಯವೂ ದೊರೆಯಬೇಕೆಂಬುದು ಅವರ ಕಾರ್ಯದ ತಳಹದಿಯಾಗಿತ್ತು.

ಆರಂಭಿಕ ಜೀವನ

ರಂಗರಾವ್ ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದು, ಶಿಕ್ಷಕರಾಗಿ ದುಡಿಯುತ್ತಲೇ ಓದು ಮುಂದುವರಿಸಿ ವಕೀಲರಾದರು. ಬಡವರ ಪರ ವಾದಿಸುವ ವಕೀಲರೆಂದು ಹೆಸರಾದರು. ಬ್ರಹ್ಮಸಮಾಜದ ವಿಚಾರಗಳು ಅವರ ಮೇಲೆ ಪ್ರಭಾವ ಬೀರಿದವು.

ಹಿನ್ನೆಲೆ

1843ರ 5ನೆಯ ಕಾಯಿದೆಯು ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತು. ಆದರೂ ಕುಂದಾಪುರದಿಂದ ಕಾಸರಗೋಡಿನವರೆಗಿನ ಕರಾವಳಿಯಲ್ಲಿ ಭೂರಹಿತ ದಲಿತರು ಸಾಲದ ಮೂಲಕ ಧಣಿಗಳ ಗದ್ದೆಗಳಿಗೆ ಕಟ್ಟುಬಿದ್ದೇ ಇದ್ದರು. ಬ್ರಹ್ಮಾವರ ಸಮೀಪದ ಕೋಟದವರಾದ ಶಿವರಾಮ ಕಾರಂತರು ಮುಂದೆ ‘ಚೋಮನ ದುಡಿ’ ಕಾದಂಬರಿಯಲ್ಲಿ ಚಿತ್ರಿಸಿದ್ದು ಈ ಸ್ಥಿತಿಯನ್ನೇ.

ಶಾಲೆ ಮತ್ತು ಕಾರ್ಯಾಗಾರ

1892ರಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಮೇಲ್ಜಾತಿಯವರ ವಿರೋಧ ತೀವ್ರವಾಗಿತ್ತು. ಸ್ವಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಕೂಲಿ ಬಿಟ್ಟು ಬರಬೇಕಾಗಿದ್ದ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟದ ವ್ಯವಸ್ಥೆ ಮಾಡಲಾಯಿತು. ಕಾಲಕ್ರಮೇಣ ಮೂಲ್ಕಿ, ಉಡುಪಿ ಮೊದಲಾದೆಡೆಗಳಲ್ಲೂ ಶಾಲೆಗಳು ಆರಂಭವಾದವು.

ಓದಿದ ಮಕ್ಕಳು ಮತ್ತೆ ಧಣಿಯ ಅಂಗಳಕ್ಕೇ ಮರಳಿದರೆ ಕಲಿತ ವಿದ್ಯೆ ವ್ಯರ್ಥವಾಗುವ ಅಪಾಯವಿತ್ತು. ಆದ್ದರಿಂದ ಮಂಗಳೂರಿನ ಶೇಡಿಗುಡ್ಡೆಯಲ್ಲಿ ಶಾಲೆಯೊಂದಿಗೆ ನೇಯ್ಗೆ, ಮರಗೆಲಸ ಮುಂತಾದ ಕಸುಬುಗಳ ತರಬೇತಿಯನ್ನೂ ಏರ್ಪಡಿಸಿದರು. ಕುಲಕ್ಕೆ ಅಂಟಿಕೊಂಡ ಚಾಕರಿಯ ಬದಲು ಸ್ವಂತ ಕೈಕಸುಬಿನಿಂದ ಬದುಕುವ ದಾರಿ ಇದರಿಂದ ತೆರೆಯಿತು. ವಸತಿಗಾಗಿ ನಿವೇಶನ ಕೊಡಿಸುವ ಕೆಲಸವನ್ನೂ ಅವರು ಕೈಗೊಂಡರು.

ಕುಟುಂಬ

ಮಗಳು ರಾಧಾಬಾಯಿ ಅವರ ವಿವಾಹವನ್ನು ಅನ್ಯಜಾತಿಯ ಪಿ. ಸುಬ್ಬರಾಯನ್ ಅವರೊಂದಿಗೆ ನೆರವೇರಿಸಿದರು. ಸುಬ್ಬರಾಯನ್ 1926ರಲ್ಲಿ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದ್ದರು.

ಕೊನೆಯ ದಿನಗಳು ಮತ್ತು ಸ್ಮರಣೆ

ಜೀವನದ ಕೊನೆಯಲ್ಲಿ ರಂಗರಾಯರು ಸನ್ಯಾಸ ಸ್ವೀಕರಿಸಿ ಈಶ್ವರಾನಂದ ಎಂಬ ಹೆಸರು ಪಡೆದರು. ತಮ್ಮ ಶವಸಂಸ್ಕಾರವನ್ನು ದಲಿತರೇ ಮಾಡಬೇಕೆಂಬ ಅವರ ಇಚ್ಛೆಯಂತೆಯೇ ಅಂತ್ಯಕ್ರಿಯೆ ನಡೆಯಿತು. ಮಂಗಳೂರಿನ ಪುರಭವನಕ್ಕೆ ಅವರ ಹೆಸರನ್ನಿಡಲಾಗಿದೆ.