ಕೆಂಪುಕಲ್ಲಿಗೆ ಹೆಸರಿಟ್ಟ ಡಾಕ್ಟರ್ ಬುಕಾನನ್

ರೋಗಿಯ ನಾಲಗೆ ಮತ್ತು ಕಣ್ಣುಗಳ ಬಣ್ಣವನ್ನು ನೋಡಿ ರೋಗವನ್ನು ಊಹಿಸುವವನು ವೈದ್ಯ. ಹೊಲದ ಮಣ್ಣಿನ ಬಣ್ಣವನ್ನು ನೋಡಿ ನೆಲದ ಗುಣವನ್ನು ಹೇಳುವವನು ರೈತ. ವೃತ್ತಿಯಿಂದ ವೈದ್ಯನಾಗಿದ್ದು, ರೈತರ ಮಾತಿಗೆ ಕಿವಿಗೊಟ್ಟು, ಮಣ್ಣನ್ನೂ ಕಲ್ಲನ್ನೂ ಕಣ್ಣಾರೆ ಕಂಡು ಬರೆದಿಟ್ಟ ವಿದ್ವಾಂಸನೊಬ್ಬನಿದ್ದನು. ಆತನೇ ಡಾಕ್ಟರ್ ಫ್ರಾನ್ಸಿಸ್ ಬುಕಾನನ್. ಕರ್ನಾಟಕದ ಇತಿಹಾಸವನ್ನು ಓದುವವರಿಗೆ ಈ ಹೆಸರು ಹೊಸದಲ್ಲ. ಆದರೆ ನಮ್ಮ ಸಹ್ಯಾದ್ರಿಯ ಕೆಂಪುಕಲ್ಲಿಗೆ ಜಗತ್ತಿನಲ್ಲೆಲ್ಲ ನಡೆಯುವ ಹೆಸರನ್ನು ಕೊಟ್ಟವನು ಇವನೇ ಎಂಬುದನ್ನು ಬಲ್ಲವರು ಕಡಿಮೆ.

ಬುಕಾನನ್ ಹುಟ್ಟಿದ್ದು 1762ನೆಯ ಇಸವಿ ಫೆಬ್ರುವರಿ 15ರಂದು, ಸ್ಕಾಟ್ಲೆಂಡಿನ ಕ್ಯಾಲೆಂಡರ್ ಎಂಬ ಊರಿನ ಬಳಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಕಲಿತು 1783ರಲ್ಲಿ ಪದವಿ ಪಡೆದನು. ಅಲ್ಲಿಯೇ ಜಾನ್ ಹೋಪ್ ಎಂಬ ಗುರುವಿನಿಂದ ಸಸ್ಯಶಾಸ್ತ್ರದ ರುಚಿಯೂ ಹತ್ತಿತು. ಕೆಲವು ವರ್ಷ ಹಡಗುಗಳಲ್ಲಿ ವೈದ್ಯನಾಗಿ ದುಡಿದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯ ಇಲಾಖೆಯನ್ನು ಸೇರಿದನು. ಮರುವರ್ಷವೇ ಬ್ರಹ್ಮದೇಶದ ರಾಜಧಾನಿಗೆ ಹೋದ ರಾಯಭಾರದ ಜೊತೆಗೆ ಹೋಗಿ ಅಲ್ಲಿಯ ಗಿಡಮರಗಳನ್ನು ಅಭ್ಯಾಸ ಮಾಡಿದನು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ, ಜನ ಹೇಗೆ ಬದುಕುತ್ತಾರೆ ಎಂಬುದನ್ನು ತಿಳಿಯುವುದು ಕಂಪನಿ ಸರಕಾರಕ್ಕೆ ಬೇಕಾಗಿತ್ತು. ಅದರ ಹಿಂದೆ ಕಂದಾಯದ ಮತ್ತು ವ್ಯಾಪಾರದ ಲೆಕ್ಕಾಚಾರವಿತ್ತು ಎಂಬುದನ್ನು ನಾವು ಮರೆಯಬಾರದು. ಗವರ್ನರ್ ಜನರಲ್ ವೆಲ್ಲೆಸ್ಲಿಯು ಈ ಕೆಲಸಕ್ಕೆ ಬುಕಾನನ್ನನನ್ನು ಆರಿಸಿದನು.

1800ರ ಏಪ್ರಿಲ್ ತಿಂಗಳಲ್ಲಿ ಆತ ಮದರಾಸಿನಿಂದ ಹೊರಟನು. ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ನೋಡಿ, ಕೊಯಮತ್ತೂರಿನ ಮೇಲೆ ಮಲಬಾರಿಗೆ ಇಳಿದು, ಅಲ್ಲಿಂದ ಮಂಗಳೂರು, ಹೊನ್ನಾವರಗಳ ದಾರಿಯಾಗಿ ಬಡಗಣಕ್ಕೆ ಬಂದು, ಘಟ್ಟ ಹತ್ತಿ ಮತ್ತೆ ಮೈಸೂರು ಸೀಮೆಯನ್ನು ಸೇರಿ, 1801ರ ಜುಲೈ ಹೊತ್ತಿಗೆ ಮದರಾಸಿಗೆ ಮರಳಿದನು. ರೈಲಿಲ್ಲ, ಮೋಟಾರಿಲ್ಲ; ಸರಿಯಾದ ರಸ್ತೆಗಳೂ ಇರದ ಕಾಲ. ದಿನವೂ ಕಂಡುದನ್ನು ಅಂದಂದೇ ಬರೆದಿಡುವುದು ಆತನ ನಿಯಮ. ಒಕ್ಕಲಿಗರು, ನೇಕಾರರು, ಕಬ್ಬಿಣ ಕರಗಿಸುವವರು, ಎಣ್ಣೆ ತೆಗೆಯುವವರು ಎಲ್ಲರನ್ನೂ ಕಂಡು ವಿಚಾರಿಸಿದನು. ಮೈಸೂರು ಸೀಮೆಯ ರೈತರು ತಮ್ಮ ಮಣ್ಣುಗಳಿಗೆ ಇಟ್ಟಿದ್ದ ಎರೆ, ಕೆಬ್ಬೆ, ಮರಳು ಎಂಬ ಹೆಸರುಗಳನ್ನೇ ಆತ ತನ್ನ ಪುಸ್ತಕದಲ್ಲಿ ಬರೆದುಕೊಂಡನು. ಆತನ ಅಭಿಪ್ರಾಯಗಳೆಲ್ಲ ನಮಗೆ ಒಪ್ಪಿಗೆಯಾಗಲಾರವು. ಆಳುವವರ ಕಣ್ಣಿನಿಂದ ನಮ್ಮ ಜನರನ್ನು ಅಳೆದ ಕಡೆಗಳೂ ಅಲ್ಲಿವೆ. ಆದರೆ ಮಣ್ಣಿನ ವಿಷಯದಲ್ಲಿ ಮಾತ್ರ ಆತ ರೈತನ ಮುಂದೆ ವಿದ್ಯಾರ್ಥಿಯಾಗಿ ನಿಂತನು.

1800ರ ಕೊನೆಯಲ್ಲಿ ಮಲಬಾರಿನ ಅಂಗಾಡಿಪುರದ ಸುತ್ತಮುತ್ತ ಒಂದು ವಿಚಿತ್ರವಾದ ಕಲ್ಲು ಆತನ ಕಣ್ಣಿಗೆ ಬಿದ್ದಿತು. ನೆಲದೊಳಗೆ ಇರುವಾಗ ಅದು ಮೆತ್ತಗೆ. ಕಬ್ಬಿಣದ ಹತಾರದಿಂದ ಬೇಕಾದ ಅಳತೆಗೆ ಕಡಿಯಬಹುದು. ಕಡಿದು ಹೊರಗಿಟ್ಟರೆ ಗಾಳಿಗೆ ಗಟ್ಟಿಯಾಗಿ, ಸುಟ್ಟ ಇಟ್ಟಿಗೆಗಿಂತಲೂ ಚೆನ್ನಾಗಿ ಮಳೆಯನ್ನು ತಡೆಯುತ್ತದೆ. ಮೈತುಂಬ ತೂತುಗಳು, ಕೆಂಪು ಹಳದಿ ಬಣ್ಣಗಳು, ಒಳಗೆ ಬೇಕಾದಷ್ಟು ಕಬ್ಬಿಣದ ಅಂಶ. ಅಲ್ಲಿಯ ಜನ ಇದನ್ನು ಇಟ್ಟಿಗೆಕಲ್ಲು ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಬುಕಾನನ್ ಅದೇ ಅರ್ಥವನ್ನು ಹಿಡಿದು, ಇಟ್ಟಿಗೆ ಎಂಬುದಕ್ಕೆ ಲ್ಯಾಟಿನ್ ಭಾಷೆಯಲ್ಲಿರುವ ಶಬ್ದದಿಂದ ಲ್ಯಾಟರೈಟ್ ಎಂಬ ಹೆಸರನ್ನು ಕಟ್ಟಿದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆತನ ಪ್ರವಾಸ ಗ್ರಂಥದ ಮೂಲಕ ಈ ಹೆಸರು ಲೋಕಕ್ಕೆಲ್ಲ ಹರಡಿತು. ಕರಾವಳಿಯ ಕನ್ನಡಿಗರು ಮುರಕಲ್ಲು ಎನ್ನುವುದೂ, ನಮ್ಮ ಮರಾಠಿ ನೆರೆಹೊರೆಯವರು ಜಾಂಭಾ ಎನ್ನುವುದೂ ಇದೇ ಕಲ್ಲನ್ನೇ.

ಬುಕಾನನ್ ನಮ್ಮ ಕೊಲ್ಲಾಪುರದ ಕಡೆಗೆ ಬರಲಿಲ್ಲ. ಬಂದಿದ್ದರೆ ಇನ್ನೂ ಒಂದು ಸೋಜಿಗವನ್ನು ಕಾಣುತ್ತಿದ್ದನು. ಇಚಲಕರಂಜಿ, ಶಿರೋಳದ ಬಯಲಿನಲ್ಲಿ ಕಪ್ಪು ಎರೆಮಣ್ಣು. ಗಡಹಿಂಗ್ಲಜದಿಂದ ಆಜರಾ ದಾಟಿ ಅಂಬೋಲಿಯ ಕಡೆಗೆ ಹೋಗುತ್ತ ಹೋಗುತ್ತ ನೆಲ ಕೆಂಪಾಗುತ್ತದೆ. ಪನ್ಹಾಳದ ಗುಡ್ಡದ ನೆತ್ತಿಯ ಮೇಲೂ ಜಾಂಭಾ ಕಲ್ಲಿದೆ. ಬಣ್ಣಗಳು ಎರಡಾದರೂ ಇವುಗಳ ತಾಯಿಕಲ್ಲು ಒಂದೇ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾರಸ ಆರಿ ಆದ ಕರಿಕಲ್ಲು, ಅಂದರೆ ಬಸಾಲ್ಟ್ ಅದು. ಹಾಗಾದರೆ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಕಪ್ಪು, ಒಬ್ಬಳು ಕೆಂಪು ಏಕೆ?

ಇದಕ್ಕೆ ಮುಖ್ಯ ಕಾರಣ ನೀರು. ಗಗನಬಾವಡಾದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿರೋಳದಲ್ಲಿ 500ರ ಆಸುಪಾಸು. ಘಟ್ಟದ ನೆತ್ತಿಯ ಮೇಲೆ ಸುರಿದ ಮಳೆ ಕಲ್ಲಿನೊಳಗಿನ ಸುಣ್ಣ, ಮೆಗ್ನೀಸಿಯಂ, ಕೊನೆಗೆ ಸಿಲಿಕಾವನ್ನೂ ಕರಗಿಸಿ ಲಕ್ಷಾಂತರ ವರ್ಷಗಳಿಂದ ಒಯ್ದಿದೆ. ಕರಗದೆ ಉಳಿದವು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕಬ್ಬಿಣವು ಗಾಳಿಯ ಆಮ್ಲಜನಕದೊಡನೆ ಕೂಡಿ ತುಕ್ಕು ಹಿಡಿಯಿತು. ಮಳೆಯಲ್ಲಿ ಬಿಟ್ಟ ಕುಡಗೋಲು ಕೆಂಪಾಗುವ ಹಾಗೆಯೇ ನೆಲವೂ ಕೆಂಪಾಯಿತು. ಅಲ್ಯೂಮಿನಿಯಂ ಹೆಚ್ಚಾಗಿ ಕೂಡಿದ ಕಡೆ ಬಾಕ್ಸೈಟ್ ಅದಿರಾಯಿತು; ರಾಧಾನಗರಿ, ಚಂದಗಡದ ಕಡೆಗೆ ಅಂಥ ಅದಿರಿನ ಗಣಿಗಳನ್ನು ತೋಡಿದ್ದಾರೆ.

ಮಳೆ ಕಡಿಮೆಯಿರುವ ಬಯಲಿನ ಕಥೆಯೇ ಬೇರೆ. ಅಲ್ಲಿ ಸುಣ್ಣ, ಮೆಗ್ನೀಸಿಯಂಗಳು ತೊಳೆದುಹೋಗದೆ ನಿಂತವು. ಅವುಗಳ ಸಹವಾಸದಲ್ಲಿ, ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ನುಣುಪು ಜೇಡಿ ತಯಾರಾಯಿತು. ಕೊಳೆತ ಎಲೆ ಬೇರುಗಳ ಸತ್ವವು ಈ ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಮಣ್ಣು ಕಪ್ಪಾಯಿತು. ಕಪ್ಪೆಂದ ಮಾತ್ರಕ್ಕೆ ಅದರಲ್ಲಿ ಗೊಬ್ಬರ ತುಂಬಿ ತುಳುಕುತ್ತಿದೆ ಎಂದು ತಿಳಿಯಬಾರದು. ಎರೆಮಣ್ಣಿನ ದೊಡ್ಡ ಬಲವೆಂದರೆ ತೇವವನ್ನು ಹಿಡಿದಿಡುವುದು. ಆದ್ದರಿಂದಲೇ ಮಳೆಗಾಲ ಹಿಂದಾದ ಮೇಲೂ ಅಲ್ಲಿ ಹಿಂಗಾರಿ ಜೋಳ ಬರುತ್ತದೆ.

ಈ ಎಲ್ಲ ಕಾರಣಗಳು ಬುಕಾನನ್ನನಿಗೆ ಗೊತ್ತಿರಲಿಲ್ಲ. ಮಣ್ಣಿನ ಶಾಸ್ತ್ರವೇ ಆಗ ಹುಟ್ಟಿರಲಿಲ್ಲ. ಆತ ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ, 1883ರಲ್ಲಿ ರಷ್ಯದ ಡೊಕುಚಾಯೆವ್ ಎಂಬ ವಿಜ್ಞಾನಿಯು ತನ್ನ ನಾಡಿನ ಕಪ್ಪುಮಣ್ಣಿನ ಮೇಲೆ ಗ್ರಂಥ ಬರೆದು, ಕಲ್ಲು, ಹವೆ, ಜೀವಿಗಳು, ನೆಲದ ಏರಿಳಿತ, ಕಾಲ ಇವೆಲ್ಲ ಕೂಡಿ ಮಣ್ಣಾಗುತ್ತದೆಂದು ತೋರಿಸಿದನು. ಆದರೆ ಕಾರಣ ತಿಳಿಯುವ ಮೊದಲು ಕಂಡುದನ್ನು ಕಂಡಂತೆ ಬರೆದಿಡುವವನೊಬ್ಬ ಬೇಕು. ಆ ಕೆಲಸವನ್ನು ಬುಕಾನನ್ ಮಾಡಿದನು.

ಆತನ ಮುಂದಿನ ಬದುಕೂ ಅಲೆದಾಟದ್ದೇ. 1802ರಲ್ಲಿ ನೇಪಾಳಕ್ಕೆ ಹೋದನು. 1807ರಿಂದ 1814ರ ವರೆಗೆ ಬಂಗಾಳ, ಬಿಹಾರಗಳ ಜಿಲ್ಲೆಗಳನ್ನು ಸುತ್ತಿದನು. ಕಲಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನೂ ಆದನು. 1815ರಲ್ಲಿ ಸ್ವದೇಶಕ್ಕೆ ಹೊರಟಾಗ, ಎಷ್ಟೋ ವರ್ಷ ಶ್ರಮಪಟ್ಟು ಬರೆಯಿಸಿದ್ದ ಚಿತ್ರಗಳನ್ನು ಒಯ್ಯಲು ಸರಕಾರ ಬಿಡಲಿಲ್ಲ. ಈ ನೋವು ದೊಡ್ಡದಾದರೂ ಆತ ಕೈಕಟ್ಟಿ ಕೂಡಲಿಲ್ಲ. 1819ರಲ್ಲಿ ನೇಪಾಳದ ಮೇಲೆ, 1822ರಲ್ಲಿ ಗಂಗಾನದಿಯ ಮೀನುಗಳ ಮೇಲೆ ಗ್ರಂಥಗಳನ್ನು ಪ್ರಕಟಿಸಿದನು. ರೋಹು ಮೀನಿನ ಶಾಸ್ತ್ರೀಯ ಹೆಸರಿನ ಜೊತೆಗೆ ಇಂದಿಗೂ ಆತನ ಹೆಸರು ಬರುತ್ತದೆ. ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ಆತ ಕೊನೆಯ ವರ್ಷಗಳಲ್ಲಿ ಧರಿಸಿದ್ದನು. 1829ರ ಜೂನ್ 15ರಂದು ಕಾಲವಾದನು. 1979ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಅಂಗಾಡಿಪುರದಲ್ಲಿ ಆತನ ನೆನಪಿಗೆ ಸ್ಮಾರಕವನ್ನು ನಿಲ್ಲಿಸಿತು.

ವಿದ್ಯಾರ್ಥಿ ಮಿತ್ರರೇ, ಮಣ್ಣಿನ ಬಣ್ಣವನ್ನು ಓದುವುದು ಇಂದು ನಮಗೆ ಎಂದಿಗಿಂತ ಹೆಚ್ಚು ಅಗತ್ಯವಾಗಿದೆ. ಗದ್ದೆಯ ಕೆಳಗಿನ ಮಣ್ಣು ಬೂದು ಅಥವಾ ನೀಲಿ ಛಾಯೆಗೆ ತಿರುಗಿದ್ದರೆ ಅಲ್ಲಿ ನೀರು ನಿಂತು ಗಾಳಿಯಾಡುತ್ತಿಲ್ಲವೆಂದು ಅರ್ಥ. ಎರೆಹೊಲದ ಮೇಲೆ ಬಿಳಿಯ ಪುಡಿ ಕಾಣಿಸಿದರೆ ಅದು ಉಪ್ಪು. ಪಂಚಗಂಗಾ, ಕೃಷ್ಣಾ ನದಿಗಳ ದಂಡೆಯಲ್ಲಿ, ವಿಶೇಷವಾಗಿ ಶಿರೋಳ ತಾಲೂಕಿನಲ್ಲಿ, ಕಬ್ಬಿಗೆ ಅತಿಯಾಗಿ ನೀರುಣಿಸಿ, ಹೆಚ್ಚಿನ ನೀರು ಬಸಿದುಹೋಗಲು ದಾರಿಯಿಲ್ಲದೆ, ಒಳಗಿನ ಉಪ್ಪು ಮೇಲೆದ್ದು ಒಳ್ಳೆಯ ಭೂಮಿಗಳು ಸವಳಾಗಿವೆ. ಬೆಳ್ಳಗಾಗುವ ಮೊದಲೇ ಎಚ್ಚರಗೊಂಡು ನೀರನ್ನು ಮಿತವಾಗಿ ಬಳಸಿದರೆ, ಬಸಿಗಾಲುವೆ ತೆಗೆದರೆ ಹೊಲ ಉಳಿಯುತ್ತದೆ. ಒಮ್ಮೆ ಕೆಟ್ಟರೆ ಸುಧಾರಿಸಲು ಹಣವೂ ವರ್ಷಗಳೂ ಬೇಕು. ಒಂದು ಅಂಗುಲ ಹೊಸ ಮಣ್ಣಾಗಲು ನೂರಾರು ವರ್ಷಗಳು ಹಿಡಿಯುತ್ತವೆ ಎಂಬುದನ್ನು ಪಾಲಕರೂ ನೆನಪಿಡಬೇಕು.

ಈ ರಜೆಯಲ್ಲಿ ನಿಮ್ಮೂರಿನ ಹೊಲ, ಹಳ್ಳದ ದಂಡೆ, ಗುಡ್ಡದ ಇಳಿಜಾರುಗಳಿಂದ ಒಂದೊಂದು ಹಿಡಿ ಮಣ್ಣು ತನ್ನಿರಿ. ಒದ್ದೆ ಮಾಡಿ ಬಣ್ಣ ನೋಡಿರಿ. ಎರಿ, ಮಸಾರಿ, ಸವಳು ಎಂದು ನಿಮ್ಮ ಅಜ್ಜ ಅಜ್ಜಿಯರು ಏನೇನು ಹೆಸರು ಹೇಳುತ್ತಾರೋ ಕೇಳಿ ವಹಿಯಲ್ಲಿ ಬರೆದಿಡಿರಿ. ಸಾವಿರಾರು ಮೈಲಿ ದೂರದಿಂದ ಬಂದ ಬುಕಾನನ್ನನಿಗೆ ನಮ್ಮ ರೈತರು ಕಲಿಸಿದ ಪಾಠ, ಅವರ ಮನೆಯ ಮಕ್ಕಳಾದ ನಿಮಗೆ ದೊರೆಯದೆ ಹೋಗಬಾರದು.