ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್

ಫ್ರಾಂಕ್ಲಿನ್ ಡೆಲಾನೊ ರೂಸ್‌ವೆಲ್ಟ್ (ಜನವರಿ 30, 1882 – ಏಪ್ರಿಲ್ 12, 1945) ಅಮೆರಿಕ ಸಂಯುಕ್ತ ಸಂಸ್ಥಾನದ 32ನೆಯ ಅಧ್ಯಕ್ಷರು. ಆ ಹುದ್ದೆಗೆ ನಾಲ್ಕು ಬಾರಿ ಚುನಾಯಿತರಾದ ಏಕೈಕ ವ್ಯಕ್ತಿ ಇವರು. ಆರ್ಥಿಕ ಮಹಾಕುಸಿತ ಮತ್ತು ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶವನ್ನು ಮುನ್ನಡೆಸಿದರು. ನಿಯಂತ್ರಣಕ್ಕೆ ಬಾರದ ಅಧಿಕ ರಕ್ತದೊತ್ತಡದ ನಿದರ್ಶನವಾಗಿ ವೈದ್ಯಕೀಯ ಇತಿಹಾಸದಲ್ಲಿಯೂ ಇವರ ಹೆಸರು ಉಳಿದಿದೆ.

ಜೀವನ
ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ ಸಿರಿವಂತ ಕುಟುಂಬದಲ್ಲಿ ಜನಿಸಿದ ರೂಸ್‌ವೆಲ್ಟ್ ಹಾರ್ವರ್ಡ್‌ನಲ್ಲಿ ಓದಿದರು. 1905ರಲ್ಲಿ ಎಲೀನರ್ ಅವರನ್ನು ವಿವಾಹವಾದರು. 1921ರಲ್ಲಿ ಪೋಲಿಯೊ ಎಂದು ಗುರುತಿಸಲಾದ ಕಾಯಿಲೆಯಿಂದ ಅವರ ಕಾಲುಗಳು ಶಕ್ತಿ ಕಳೆದುಕೊಂಡವು. ಆದರೂ ರಾಜಕೀಯವನ್ನು ಬಿಡದೆ ನ್ಯೂಯಾರ್ಕ್‌ನ ಗವರ್ನರ್ ಆಗಿ, 1933ರಲ್ಲಿ ಅಧ್ಯಕ್ಷರಾದರು.

ರಕ್ತದೊತ್ತಡ
1935ರಲ್ಲಿ 136/78 ಇದ್ದ ಅವರ ರಕ್ತದೊತ್ತಡ 1937ರಲ್ಲಿ 162/98ಕ್ಕೂ, 1941ರಲ್ಲಿ 188/105ಕ್ಕೂ ಏರಿತು. ವಯಸ್ಸಾದಂತೆ ಒತ್ತಡ ಏರುವುದು ಸಹಜವೆಂದೇ ಅಂದಿನ ಅನೇಕ ವೈದ್ಯರು ನಂಬಿದ್ದರು. ಅಧ್ಯಕ್ಷರ ಖಾಸಗಿ ವೈದ್ಯ ರಾಸ್ ಮೆಕಿಂಟೈರ್ ಮೂಗು-ಗಂಟಲಿನ ತಜ್ಞರಾಗಿದ್ದರು. 1944ರ ಮಾರ್ಚ್‌ನಲ್ಲಿ ಹೃದ್ರೋಗ ತಜ್ಞ ಹೊವಾರ್ಡ್ ಬ್ರೂನ್ ಪರೀಕ್ಷಿಸಿದಾಗ ಒತ್ತಡ 186/108 ಇತ್ತು. ಹೃದಯ ಹಿಗ್ಗಿದ್ದು, ಅದರ ವೈಫಲ್ಯದ ಲಕ್ಷಣಗಳೂ ಕಂಡುಬಂದವು. ಡಿಜಿಟಾಲಿಸ್, ಉಪ್ಪು ಕಡಿಮೆ ಮಾಡಿದ ಆಹಾರ, ವಿಶ್ರಾಂತಿ, ಸಿಗರೇಟಿನ ಮಿತಿ—ಬ್ರೂನ್ ನೀಡಬಹುದಾಗಿದ್ದುದು ಬಹುಮಟ್ಟಿಗೆ ಇಷ್ಟೇ. ಇದರಿಂದ ಹೃದಯಕ್ಕೆ ಉಪಶಮನ ದೊರೆತರೂ ಒತ್ತಡ ಇಳಿಯಲಿಲ್ಲ. ಅಧ್ಯಕ್ಷರು ಆರೋಗ್ಯವಾಗಿದ್ದಾರೆಂದು ಮೆಕಿಂಟೈರ್ ಸಾರ್ವಜನಿಕವಾಗಿ ಹೇಳುತ್ತಲೇ ಬಂದರು. ಆ ವರ್ಷದ ನವೆಂಬರ್‌ನಲ್ಲಿ ಮತ ಹಾಕಿದ ಜನರಿಗೆ ನಿಜಸ್ಥಿತಿ ತಿಳಿದಿರಲಿಲ್ಲ.

1945ರ ಫೆಬ್ರವರಿಯ ಯಾಲ್ಟಾ ಸಮ್ಮೇಳನದ ವೇಳೆಗೆ ಅವರು ತೀರ ಬಳಲಿದ್ದರು. ಏಪ್ರಿಲ್ 12ರಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ತೀವ್ರ ತಲೆನೋವಿನಿಂದ ಕುಸಿದರು. ಬ್ರೂನ್ ಅಳೆದಾಗ ರಕ್ತದೊತ್ತಡ 300ನ್ನು ಮುಟ್ಟಿತ್ತು. ಮಿದುಳಿನ ರಕ್ತಸ್ರಾವದಿಂದ ಕೆಲವೇ ಗಂಟೆಗಳಲ್ಲಿ, 63ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ವೈದ್ಯಕೀಯ ಕಡತ ಬಳಿಕ ಕಾಣೆಯಾಯಿತು. 1970ರಲ್ಲಿ ಬ್ರೂನ್ ಪ್ರಕಟಿಸಿದ ಲೇಖನವೇ ಇಂದು ಮುಖ್ಯ ಆಧಾರ.

ನಂತರದ ಬೆಳವಣಿಗೆಗಳು
ಉತ್ತರಾಧಿಕಾರಿ ಹ್ಯಾರಿ ಟ್ರೂಮನ್ 1948ರಲ್ಲಿ ರಾಷ್ಟ್ರೀಯ ಹೃದಯ ಕಾಯಿದೆಗೆ ಸಹಿ ಹಾಕಿದರು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 5,209 ಜನರನ್ನು ಒಳಗೊಂಡ ದೀರ್ಘಕಾಲದ ಅಧ್ಯಯನ ಆರಂಭವಾಯಿತು. ಅಧಿಕ ರಕ್ತದೊತ್ತಡವು ಹೃದ್ರೋಗ, ಪಾರ್ಶ್ವವಾಯುಗಳ ಅಪಾಯವನ್ನು ಹೆಚ್ಚಿಸುತ್ತದೆಂದು ಅದು ತೋರಿಸಿತು. ಭಾರತದಲ್ಲಿ ಮೊದಲಿನಿಂದ ಬಳಕೆಯಲ್ಲಿದ್ದ ಸರ್ಪಗಂಧದ ಬೇರಿನ ಕುರಿತು ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬರೆದ ಲೇಖನ ಪಾಶ್ಚಾತ್ಯ ವೈದ್ಯರ ಗಮನ ಸೆಳೆಯಿತು. 1958ರಲ್ಲಿ ಕ್ಲೋರೋಥಯಜೈಡ್ ಮಾತ್ರೆ ಬಳಕೆಗೆ ಬಂದಿತು.

ಇಂದು ಅಗ್ಗದ ಔಷಧಿಗಳಿಗೆ ಕೊರತೆಯಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ, ಜಗತ್ತಿನಲ್ಲಿ 30ರಿಂದ 79 ವರ್ಷದೊಳಗಿನ ಸುಮಾರು 128 ಕೋಟಿ ವಯಸ್ಕರಿಗೆ ಅಧಿಕ ರಕ್ತದೊತ್ತಡವಿದೆ. ಅವರಲ್ಲಿ ಶೇಕಡ 46ರಷ್ಟು ಮಂದಿಗೆ ಅದರ ಅರಿವೇ ಇಲ್ಲ. ಒತ್ತಡ ಹತೋಟಿಯಲ್ಲಿರುವುದು ಸರಿಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ.